ಉಪ್ಪು ತಳದಾಗ, ಸೋಡಾ ಮ್ಯಾಲ

ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಆಳಂದದ ಬಸ್ ನಿಲ್ದಾಣದ ಹೊರಗೆ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿದೆ. ಕಲಬುರಗಿ ಸೀಮೆಯಲ್ಲಿ 43, 44 ಡಿಗ್ರಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ತಲೆಗೆ ಟವಲ್ ಸುತ್ತಿಕೊಂಡು ಒಂದು ನೆರಳಿನಿಂದ ಇನ್ನೊಂದಕ್ಕೆ ದಾಟುತ್ತಾರೆ, ಅಷ್ಟೇ. ನಾನು ದಾಟಿಕೊಂಡಿದ್ದು ಲಿಂಬು ಸೋಡಾದ ಬಂಡಿಯ ನೆರಳಿಗೆ.

ಒದ್ದೆ ಗೋಣಿತಟ್ಟು ಹೊದ್ದ ಬರ್ಫಿನ ಗಡ್ಡೆ, ಲಿಂಬೆಹಣ್ಣಿನ ಗುಡ್ಡೆ, ಗೋಲಿ ಸೋಡಾದ ಬಾಟಲಿಗಳು, ಉಪ್ಪಿನ ಡಬ್ಬಿ, ಕರಿ ಉಪ್ಪು–ಜೀರಿಗೆಯ ಮಸಾಲೆ, ಸಕ್ಕರೆ ಪಾಕ. ಇಷ್ಟರಲ್ಲೇ ಎಷ್ಟು ಬಗೆಯ ನಾಲಿಗೆಗಳಿಗೆ ಉತ್ತರ ಕೊಡಬೇಕು!

"ಹ್ಯಾಂಗ ಮಾಡ್ಲಿರಿ ಸಾಹೇಬ್ರ? ಸಿಹಿನೋ, ಉಪ್ಪಿಂದೋ?"

"ಎರಡೂ ಹಾಕು ಕಾಕಾ."

ಕಾಕಾ ಹಣ್ಣನ್ನು ಎರಡು ಹೋಳು ಮಾಡಿ, ಬೀಜ ಚಿಮ್ಮಿಸಿ, ಒಂದೇ ಸಲ ಹಿಂಡಿ ಸಿಪ್ಪೆ ಎಸೆದ. ಜಿಪುಣರು ಎರಡನೇ ಸಲವೂ ಹಿಂಡುತ್ತಾರೆ. ಆಗ ರಸದ ಜೊತೆ ಸಿಪ್ಪೆಯ ಕಹಿಯೂ ಇಳಿಯುತ್ತದೆ. ಮೇಲೆ ಪಾಕ, ಉಪ್ಪು. ಆಮೇಲೆ ಹೆಬ್ಬೆರಳಿಂದ ಗೋಲಿ ಒತ್ತಿದ: ಠಪ್! 1870ರ ದಶಕದಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಹೂಡಿದ ಉಪಾಯವಿದು. ಒಳಗಿನ ಗ್ಯಾಸೇ ಗೋಲಿಯನ್ನು ಬಾಯಿಯ ರಬ್ಬರ್ ಬಳೆಗೆ ಒತ್ತಿ ಹಿಡಿದಿರುತ್ತದೆ. ಮುಚ್ಚಳದ ಗೊಡವೆಯೇ ಇಲ್ಲ. ಗ್ಲಾಸು ವಾರೆ ಮಾಡಿ ಅಂಚಿನಗುಂಟ ಸೋಡಾ ಇಳಿಸಿದ.

ಒಂದು ಗುಟುಕು ಕುಡಿದೆ. ಸಪ್ಪೆ ಅನ್ನಿಸಿತು. "ಇನ್ನೊಂದ್ ಚಿಟಿಕಿ ಉಪ್ಪು."

"ಈಗ ಬ್ಯಾಡ್ರಿ, ಉಕ್ಕತದ."

ಕೇಳಿದೆನೇ? ಡಬ್ಬಿಗೆ ಕೈ ಹಾಕಿ ನಾನೇ ಉದುರಿಸಿದೆ. ಬುಸ್ಸೆಂದು ನೊರೆ ಎದ್ದು ಬೆರಳು, ಮುಂಗೈ, ಅಂಗಿಯ ತೋಳು ದಾಟಿ ಕೆಳಗೆ ಸುರಿಯಿತು. ಸೋಡಾದಲ್ಲಿ ಕರಗಿ ಕೂತ ಗ್ಯಾಸಿಗೆ ಗುಳ್ಳೆ ಕಟ್ಟಲು ಒಂದು ಒರಟು ಜಾಗ ಸಾಕು. ಉಪ್ಪಿನ ಹರಳು ಅಂಥ ನೂರಾರು ಜಾಗ ಕೊಡುತ್ತದೆ. ಉಳಿದದ್ದು ಅರ್ಧ ಗ್ಲಾಸು ಉಪ್ಪುನೀರು. ಕಾಕಾ ನಗಲಿಲ್ಲ. "ಮೊದ್ಲೇ ಹೇಳ್ಬೇಕ್ರಿ. ಉಪ್ಪು ತಳದಾಗ, ಸೋಡಾ ಮ್ಯಾಲ" ಎಂದು ಒರೆಸಲು ಬಟ್ಟೆ ಕೊಟ್ಟ.

ಬೆಂಗಳೂರಿನ ಬಾರುಗಳಲ್ಲಿ ಜಿನ್ ಟಾನಿಕ್ ಬೆರೆಸುವವರದೂ ಇದೇ ವ್ಯವಹಾರ. 1858ರಲ್ಲಿ ಎರಾಸ್ಮಸ್ ಬಾಂಡ್ ಪೇಟೆಂಟ್ ಪಡೆದ ಟಾನಿಕ್ ನೀರಿನ ಕಹಿ ಸಿಂಕೋನಾ ತೊಗಟೆಯ ಕ್ವಿನೈನಿನದು, ಮಲೇರಿಯಾ ಔಷಧದ್ದು. ಒಂದು ಪಾಲು ಜಿನ್ನಿಗೆ ಎರಡು ಪಾಲೋ ಮೂರೋ ಎಂಬ ಜಗಳ ಅಲ್ಲಿ ಮುಗಿದಿಲ್ಲ. ಕಹಿ ಹೆಚ್ಚೆನಿಸಿದವರು ಚಿಟಿಕೆ ಉಪ್ಪು ಬೇಡುತ್ತಾರೆ, ಉಪ್ಪು ನಾಲಿಗೆಯ ಮೇಲೆ ಕಹಿಯನ್ನು ಅಡಗಿಸುತ್ತದೆ. ಅಲ್ಲೂ ಅದು ಟಾನಿಕ್ಕಿಗಿಂತ ಮೊದಲು ಬಿದ್ದರೇ ಕ್ಷೇಮ. ಹೆಚ್ಚು ಕಲಕಿದರೆ ಗ್ಯಾಸೆಲ್ಲ ಹಾರಿಹೋಗುತ್ತದೆ.

ಮರುದಿನ ಅಫಜಲಪುರ. ಭೀಮೆಯ ಆಚೆ ದಂಡೆಯ ಇಂಡಿ ಲಿಂಬೆಗೆ ಭೌಗೋಳಿಕ ಮಾನ್ಯತೆ ಸಿಕ್ಕಿದೆ. ಇಲ್ಲಿನ ಬಂಡಿಯವನೂ "ಇಂಡಿ ಮಾಲ್ರಿ" ಎಂದು ಎದೆಯುಬ್ಬಿಸಿದ. ಅಮರ್ಜಾ ಭೀಮೆಗೆ ಸೇರುವ ಗಾಣಗಾಪುರದಿಂದ ದತ್ತನ ದರ್ಶನ ಮುಗಿಸಿ ಬಂದ ಅಜ್ಜಿ, ಸೆರಗು ಹಿಡಿದ ಮೊಮ್ಮಗ.

"ಮಮ್ಮಗಂದು ಸಿಹಿ ಮಾಡಪಾ. ನಂದು ಬರೇ ಉಪ್ಪಿಂದು. ಬರ್ಫ್ ಬ್ಯಾಡ, ಹಲ್ಲು ಝುಮ್ ಅಂತಾವ."

ಕುಡಿದು ನೋಡಿದಳು. ಮುಖ ಹುಳ್ಳಗಾಯಿತು. ನಾನು ಉಪ್ಪಿನ ಡಬ್ಬಿಯನ್ನೇ ನೋಡುತ್ತಿದ್ದೆ. ಅಜ್ಜಿ ಅದರ ತಂಟೆಗೇ ಹೋಗದೆ ಮೊಮ್ಮಗನ ಗ್ಲಾಸು ಕಸಿದು ಎರಡು ಗುಟುಕಿನಷ್ಟು ಸಿಹಿಯನ್ನು ಮೆಲ್ಲಗೆ ತನ್ನದಕ್ಕೆ ಬಗ್ಗಿಸಿಕೊಂಡಳು. ನೊರೆ ಉಕ್ಕಲಿಲ್ಲ, ಗ್ಯಾಸೂ ಉಳಿಯಿತು. "ಹಾಂ, ಈಗ ಬಂತ್ ನೋಡ್ ರುಚಿ." ಹುಡುಗ ಅಳುಮೋರೆ ಮಾಡಿದ, ಬಂಡಿಯವ ಅವನ ಗ್ಲಾಸಿಗೆ ಒಂದಿಷ್ಟು ಸೋಡಾ ಸುರಿದು ಸರಿಮಾಡಿದ.

ಕಟ್ಟಿಸಂಗಾವಿ ಸೇತುವೆಯಲ್ಲಿ ಭೀಮೆ ದಾಟಿ ಜೇವರ್ಗಿ ಸೇರುವಷ್ಟರಲ್ಲಿ ನಾನು ಪಾಠ ಒಪ್ಪಿಸಲು ಸಿದ್ಧನಾಗಿದ್ದೆ. ಬಾಟಲಿ ಎತ್ತುವ ಮೊದಲೇ ಹುಡುಗನನ್ನು ತಡೆದೆ: "ಒಂದೇ ಸಲ ಹಿಂಡು. ಪಾಕ ಅರ್ಧ ಚಮಚ. ಉಪ್ಪು ಒಂದೂವರೆ ಚಿಟಿಕಿ. ಕಲಕು. ಆಮ್ಯಾಲ ಸೋಡಾ."

ಅವನು ಕೈ ನಿಲ್ಲಿಸಿ ನನ್ನ ಬೆರಳು ನೋಡಿದ, ತನ್ನವನ್ನು ನೋಡಿಕೊಂಡ.

"ಒಂದೂವರೆ ಚಿಟಿಕಿ ಅಂದ್ರ ಯಾರ ಬೆರಳಿಂದ್ರಿ? ನಿಮ್ದೋ, ನಂದೋ?"

ಉಪ್ಪಿನ ಡಬ್ಬಿಯನ್ನು ನನ್ನತ್ತ ಸರಿಸಿದ.