ಗ್ರಂಥಸೂಚಿಯಲ್ಲಿ ಹಲವು ಭಾಷೆಗಳು

ಕನ್ನಡಕ್ಕೆ ಮಹಾನಿಘಂಟನ್ನು ಕೊಟ್ಟ ಫರ್ಡಿನೆಂಡ್ ಕಿಟ್ಟೆಲರು ಮೂರು ಭಾಷೆಗಳಲ್ಲಿ ಗ್ರಂಥರಚನೆ ಮಾಡಿದವರು. 1862ರ ‘ಕಥಾಮಾಲೆ’ ಕನ್ನಡದ್ದು. ಲಿಂಗಪೂಜೆಯ ಮೂಲವನ್ನು ಕುರಿತ 1876ರ ಗ್ರಂಥ ಜರ್ಮನ್ ಭಾಷೆಯದು. 1894ರ ನಿಘಂಟಿಗೂ 1903ರ ವ್ಯಾಕರಣಕ್ಕೂ ಇಂಗ್ಲಿಷ್ ಹೆಸರುಗಳಿವೆ. ಕಿಟ್ಟೆಲರನ್ನು ಕುರಿತು ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವ ವಿದ್ಯಾರ್ಥಿಯೊಬ್ಬನು ಈ ನಾಲ್ಕರ ವಿವರಗಳನ್ನೂ ಗಣಕಕ್ಕೆ ಒಪ್ಪಿಸಿ, ಗ್ರಂಥಸೂಚಿಯನ್ನು ಸಿದ್ಧಪಡಿಸಲು ಹೇಳಿದನೆಂದು ಭಾವಿಸೋಣ. ಸೂಚಿಯೇನೋ ಕ್ಷಣಾರ್ಧದಲ್ಲಿ ಸಿದ್ಧವಾಗುತ್ತದೆ. ಆದರೆ ಅದರಲ್ಲಿ ಕಿಟ್ಟೆಲರು ಇಬ್ಬರಾಗಿರುತ್ತಾರೆ! ರೋಮನ್ ಲಿಪಿಯ ಕಿಟ್ಟೆಲರು ಪಟ್ಟಿಯ ನಡುವೆ. ಕನ್ನಡ ಲಿಪಿಯ ಕಿಟ್ಟೆಲರು ರೋಮನ್ ಹೆಸರುಗಳೆಲ್ಲ ಮುಗಿದ ಮೇಲೆ, ಕಟ್ಟಕಡೆಯಲ್ಲಿ. ಮೊದಲನೆಯ ಕಡೆ ನೋಡಿ ಪುಟ ಮಗುಚಿದ ಓದುಗನಿಗೆ ‘ಕಥಾಮಾಲೆ’ಯ ಸುಳಿವೇ ಸಿಕ್ಕದು.

ಹೀಗಾಗುವುದೇಕೆಂದು ತಿಳಿಯಲು ಯಂತ್ರದ ಒಳಗನ್ನು ಸ್ವಲ್ಪ ನೋಡಬೇಕು. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2006ರಲ್ಲಿ ಹೊರಬಂದ ‘ಜೊಟೆರೊ’ ಎಂಬ ತಂತ್ರಾಂಶವನ್ನು ತೆಗೆದುಕೊಳ್ಳೋಣ. ಅದು ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡಿರುತ್ತದೆ. ಗ್ರಂಥದ ವಿವರಗಳು ಒಂದು ಕಡೆ. ಯಾವುದು ಮೊದಲು, ಎಲ್ಲಿ ಅಲ್ಪವಿರಾಮ ಎಂದು ವಿಧಿಸುವ ಶೈಲಿಯ ಕಡತ ಇನ್ನೊಂದು ಕಡೆ. ‘ಮತ್ತು’, ‘ಸಂಪಾದಕ’, ‘ಪುಟ’ ಮುಂತಾದ ಜೋಡಣೆಯ ಮಾತುಗಳನ್ನು ಆಯಾ ಭಾಷೆಯಲ್ಲಿ ಒದಗಿಸುವ ಕಡತ ಮತ್ತೊಂದು ಕಡೆ. ಶೈಲಿ ಒಂದೇ ಆಗಿದ್ದರೂ ಮೂರನೆಯ ಕಡತವನ್ನು ಬದಲಿಸಿದರೆ ಅದೇ ಸೂಚಿ ಫ್ರೆಂಚ್ ಪ್ರಬಂಧಕ್ಕೂ ಸಲ್ಲುತ್ತದೆ. ಕೇಳಿದ ಭಾಷೆಯ ಕಡತ ಇಲ್ಲದಿದ್ದರೆ ಯಂತ್ರವು ಅಮೆರಿಕದ ಇಂಗ್ಲಿಷಿಗೆ ಶರಣಾಗುತ್ತದೆ. ಕನ್ನಡ ಹೆಸರುಗಳ ನಡುವೆ ಇಂಗ್ಲಿಷ್ ಮಾತು ತಲೆಹಾಕುವುದಕ್ಕೆ ಇದೂ ಒಂದು ಕಾರಣ.

ಇಲ್ಲಿ ಎರಡು ಭಾಷೆಗಳಿವೆಯೆಂಬುದನ್ನು ಗಮನಿಸಬೇಕು: ಪ್ರಬಂಧದ ಭಾಷೆ ಒಂದು, ಗ್ರಂಥದ ಭಾಷೆ ಇನ್ನೊಂದು. ಜೋಡಣೆಯ ಮಾತುಗಳು ಓದುವವನಿಗಾಗಿ ಇರುವಂಥವು. ಅವು ಪ್ರಬಂಧದ ಭಾಷೆಯಲ್ಲಿರುವುದೇ ಮೇಲೆಂದು ನಮ್ಮ ಮತ. ಗ್ರಂಥದ ಹೆಸರಾದರೋ ಗ್ರಂಥಕ್ಕೆ ಸೇರಿದ್ದು. ಅದನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲ. ಆದರೆ ಇಂಗ್ಲಿಷಿನ ಹಲವು ಶೈಲಿಗಳು ಹೆಸರಿನ ಪ್ರಧಾನ ಪದಗಳನ್ನೆಲ್ಲ ದೊಡ್ಡಕ್ಷರದಿಂದ ಮೊದಲುಮಾಡುತ್ತವೆ. ವಿವರಗಳಲ್ಲಿ ‘ಭಾಷೆ’ ಎಂಬ ಅಂಕಣವನ್ನು ಖಾಲಿ ಬಿಟ್ಟರೆ, ಇಂಥ ಶೈಲಿಯು ಗ್ರಂಥವನ್ನು ಇಂಗ್ಲಿಷಿನದೆಂದೇ ಎಣಿಸುತ್ತದೆ. ಆಗ ಕಿಟ್ಟೆಲರ ಜರ್ಮನ್ ಗ್ರಂಥದ ಹೆಸರಿನಲ್ಲಿ ಚಿಕ್ಕಕ್ಷರದಲ್ಲಿರಬೇಕಾದ ‘ದೆಸ್’ ಎಂಬ ಪದಕ್ಕೂ ದೊಡ್ಡಕ್ಷರದ ಕಿರೀಟ! ಅಂಕಣದಲ್ಲಿ ‘ಡಿಇ’ ಎಂಬ ಎರಡಕ್ಷರದ ಸಂಕೇತವನ್ನು ಬರೆದರೆ ಸಾಕು, ಯಂತ್ರವು ಹೆಸರನ್ನು ಮುಟ್ಟುವುದಿಲ್ಲ. ಕನ್ನಡದ ಸಂಕೇತ ‘ಕೆಎನ್’. ಕನ್ನಡದಲ್ಲಿ ದೊಡ್ಡಕ್ಷರಗಳೇ ಇಲ್ಲವಲ್ಲ, ಈ ಗೊಡವೆ ನಮಗೇಕೆ ಎನ್ನಬಹುದು. ಹೆಸರನ್ನು ರೋಮನ್ ಲಿಪಿಗೆ ತಂದಾಗ ಗೊಡವೆ ತಪ್ಪದು. ಕೆಲವು ಲಿಪ್ಯಂತರ ಕ್ರಮಗಳಲ್ಲಿ ಚಿಕ್ಕ ‘ಎನ್’ ನಮ್ಮ ‘ನ’ಕಾರವಾದರೆ, ದೊಡ್ಡ ‘ಎನ್’ ‘ಣ’ಕಾರ. ಅಲ್ಲಿ ‘ನನ್ನ’ ಎಂಬುದು ‘ಣನ್ನ’ ಆದೀತು.

ಇನ್ನು ವ್ಯಕ್ತಿನಾಮಗಳು. ಯಂತ್ರವು ಪ್ರತಿಯೊಬ್ಬ ಲೇಖಕನಿಂದಲೂ ಒಂದು ಕುಲನಾಮವನ್ನು ನಿರೀಕ್ಷಿಸುತ್ತದೆ. ಡಿ. ವಿ. ಗುಂಡಪ್ಪನವರ ಹೆಸರಿನಲ್ಲಿ ‘ಡಿ’ ದೇವನಹಳ್ಳಿ, ‘ವಿ’ ವೆಂಕಟರಮಣಯ್ಯ; ಕುಲನಾಮವೆಲ್ಲಿದೆ? ‘ಗುಂಡಪ್ಪ ಡಿ. ವಿ.’ ಎಂದು ಬರೆದು ಕಡೆಯ ಪದವನ್ನು ಕುಲನಾಮವೆಂದು ಒಪ್ಪಿಸಿದರೆ ಅವರು ‘ವಿ’ ಅಕ್ಷರದ ಕೆಳಗೆ ಹೋಗಿ ಕೂರುತ್ತಾರೆ. ಹೆಸರನ್ನು ಇಬ್ಭಾಗಿಸದೆ ಒಂದೇ ಅಂಕಣದಲ್ಲಿ ಬರೆಯುವ ಸೌಕರ್ಯ ಜೊಟೆರೊದಲ್ಲಿದೆ. ‘ಕುವೆಂಪು’ವಿನಂಥ ಕಾವ್ಯನಾಮಗಳಿಗೆ ಅದೇ ತಕ್ಕುದು.

ಅಕಾರಾದಿ ಕ್ರಮದಲ್ಲಿಯೂ ಒಂದು ತೊಡಕುಂಟು. ನಮ್ಮ ವರ್ಣಮಾಲೆಯಲ್ಲಿ ‘ಳ’ಕಾರವು ‘ಹ’ಕಾರದ ಅನಂತರ ಬರುತ್ತದಷ್ಟೆ. ಯೂನಿಕೋಡಿನ ಅಂಕಿಗಳ ಸಾಲಿನಲ್ಲಿಯಾದರೋ ಅದು ‘ಲ’ಕಾರದ ಬೆನ್ನಿಗೇ ಇದೆ. ಅಂಕಿಯನ್ನಷ್ಟೇ ನೋಡಿ ವಿಂಗಡಿಸುವ ಯಂತ್ರವು ‘ಬಸವರಾಜ’ನಿಗಿಂತ ಮೊದಲೇ ‘ಬಳಿಗಾರ’ನನ್ನು ಕೂರಿಸುತ್ತದೆ. ಅಚ್ಚಿಗೆ ಕಳುಹಿಸುವ ಮೊದಲು ಇದನ್ನು ಕಣ್ಣಿಂದಲೇ ನೋಡಿ ಸರಿಪಡಿಸಬೇಕಾಗುತ್ತದೆ.

ಇಬ್ಬರು ಕಿಟ್ಟೆಲರನ್ನು ಒಂದುಗೂಡಿಸುವುದು ಕಷ್ಟವಲ್ಲ. ನಾಲ್ಕು ಗ್ರಂಥಗಳಿಗೂ ಲೇಖಕರ ಹೆಸರನ್ನು ಪ್ರಬಂಧದ ಲಿಪಿಯಲ್ಲಿಯೇ ಬರೆದು, ಗ್ರಂಥದ ಹೆಸರನ್ನು ಮಾತ್ರ ಅದರದರ ಲಿಪಿಯಲ್ಲಿ ಉಳಿಸಬಹುದು. ‘ಬಿಬ್‌ಲೇಟೆಕ್’ ಎಂಬ ಇನ್ನೊಂದು ಸಾಧನದಲ್ಲಿ, ಅಚ್ಚಾಗುವ ಹೆಸರು ಬೇರೆ, ವಿಂಗಡಿಸುವ ಹೆಸರು ಬೇರೆ ಎಂದು ಪ್ರತ್ಯೇಕವಾಗಿಯೇ ತಿಳಿಸಬಹುದು. ಆಗ ‘ಕಥಾಮಾಲೆ’ಯ ಮುಂದೆ ಕನ್ನಡದ ‘ಕಿಟ್ಟೆಲ್’ ಇದ್ದರೂ ಅದು ನಿಘಂಟಿನ ಪಕ್ಕದಲ್ಲಿಯೇ ಬಂದು ನಿಲ್ಲುತ್ತದೆ.