ಡಾಕ್ಟರಮ್ಮನಿಗೂ ಬಾಣಂತನ ಬೇಡವೇ?

ಕುಕ್ಕುವಾಡದಿಂದ ಬಸ್ಸು ಹತ್ತಿ ದಾವಣಗೆರೆ ಆಸ್ಪತ್ರೆಗೆ ಹೋದ ಬಾಣಂತಿಗೆ ಡಾಕ್ಟರಮ್ಮ ಹೇಳುವುದು ಒಂದೇ ಮಾತು: ‘ಆರು ತಿಂಗ್ಳು ಎದೆಹಾಲೇ ಕೊಡವ್ವ.’ ಆ ಡಾಕ್ಟರಮ್ಮನೇ ಎಂ.ಡಿ. ಓದುತ್ತಾ ತಾಯಿಯಾದರೆ?

1965ರಿಂದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಇರುವ ಊರಿಗೆ ಲೆಕ್ಕ ಗೊತ್ತು. ಎಂ.ಬಿ.ಬಿ.ಎಸ್. ಐದೂವರೆ ವರ್ಷ, ಎಂ.ಡಿ. ಮೂರು. 18ಕ್ಕೆ ಸೇರಿದವಳಿಗೆ ಮುಗಿಯುವಾಗ 26 ದಾಟುತ್ತದೆ. ಮನೆಯ ಹಿರಿಯರು ಅಲ್ಲೀತನಕ ಸುಮ್ಮನಿರುತ್ತಾರೆಯೇ?

ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮದಲ್ಲಿ ಹೆರಿಗೆ ರಜೆ ಉಂಟು. ಆದರೆ ಮಿತಿ ಮೀರಿದ ರಜೆಯಷ್ಟು ದಿನ ಕೋರ್ಸು ಮುಂದಕ್ಕೆ, ಪರೀಕ್ಷೆಗೆ ಶೇ. 80 ಹಾಜರಿಯೂ ಬೇಕು. ರಜೆ ಮುಗಿದರೆ ಮತ್ತೆ ರಾತ್ರಿ ಪಾಳಿ. ಕೂಸು ಅಜ್ಜಿಯ ಮಡಿಲಿಗೆ.

ಬರೀ ರಜೆ ಸಾಲದು. ಪಾಳಿಗೆ ಬದಲಿ ಡಾಕ್ಟರು, ವಾರ್ಡಿನ ಹತ್ತಿರ ಹಾಲೂಡಿಸಲು ಒಂದು ಕೋಣೆ ಬೇಕು. ಊರಿನ ಕೂಸುಗಳನ್ನು ಹಿಡಿದ ಕೈ ತನ್ನ ಕೂಸಿಗೂ ಸಿಗಬ್ಯಾಡವೇ?