ಸಹಿ ಒಂದು ದೇಶದಲ್ಲಿ, ದುಡಿಮೆ ಇನ್ನೊಂದು ದೇಶದಲ್ಲಿ: ಕಾನೂನು ಯಾವುದು?

ಜರ್ಮನಿಯಲ್ಲಿ ವಾಸವಾಗಿದ್ದ ಒಬ್ಬ ಲಾರಿ ಚಾಲಕನ ಮೊಕದ್ದಮೆಯನ್ನು ನೋಡೋಣ. 1998ರಲ್ಲಿ ಆತ ಲಕ್ಸೆಂಬರ್ಗ್ ದೇಶದ ಸಾಗಣೆ ಕಂಪನಿಯೊಂದನ್ನು ಸೇರಿದ. ಡೆನ್ಮಾರ್ಕಿನಿಂದ ಹೂವು, ಗಿಡಗಳನ್ನು ಹೆಚ್ಚಾಗಿ ಜರ್ಮನಿಯ ಊರುಗಳಿಗೆ ಸಾಗಿಸುವುದು ಕಂಪನಿಯ ವ್ಯವಹಾರ. ಲಾರಿಗಳು ನಿಲ್ಲುತ್ತಿದ್ದುದು ಜರ್ಮನಿಯಲ್ಲಿ, ನೋಂದಣಿಯಾಗಿದ್ದುದು ಲಕ್ಸೆಂಬರ್ಗಿನಲ್ಲಿ. ಕರಾರುಪತ್ರದಲ್ಲಿ ಹೆಸರಿಸಿದ್ದುದೂ ಲಕ್ಸೆಂಬರ್ಗಿನ ಕಾನೂನನ್ನೇ.

2001ರ ಮಾರ್ಚ್ ತಿಂಗಳಲ್ಲಿ ಆತ ಜರ್ಮನಿಯಲ್ಲಿ ರಚನೆಯಾದ ನೌಕರರ ಮಂಡಳಿಗೆ ಬದಲಿ ಸದಸ್ಯನಾಗಿ ಆಯ್ಕೆಯಾದ. ಕೆಲವೇ ದಿನಗಳಲ್ಲಿ ಕಂಪನಿ ಆತನಿಗೆ ವಜಾ ಪತ್ರ ಕಳುಹಿಸಿತು. ಇಂತಹ ಮಂಡಳಿಯ ಸದಸ್ಯರನ್ನು ವಜಾ ಮಾಡದಂತೆ ಜರ್ಮನಿಯ ಕಾನೂನು ರಕ್ಷಣೆ ನೀಡುತ್ತದೆ. ಆ ರಕ್ಷಣೆ ತನಗೂ ಸಲ್ಲಬೇಕೆಂಬುದು ಚಾಲಕನ ವಾದ. ಹಾಗಾದರೆ ಅನ್ವಯವಾಗುವ ಕಾನೂನು ಯಾವುದು?

ಇದಕ್ಕೆ ಉತ್ತರ 1980ರ ರೋಮ್ ಒಪ್ಪಂದದಲ್ಲಿದೆ. 2009ರ ಡಿಸೆಂಬರ್ 17ರಿಂದ ಮಾಡಿಕೊಂಡ ಕರಾರುಗಳಿಗೆ ಯುರೋಪಿನ ಒಕ್ಕೂಟದಲ್ಲಿ 'ರೋಮ್ ಒಂದು' ಎಂಬ ನಿಯಮಾವಳಿ ಅನ್ವಯಿಸುತ್ತದೆ. ಇವುಗಳ ಪ್ರಕಾರ ಮಾಲೀಕ ಮತ್ತು ನೌಕರ ತಮಗೆ ಒಪ್ಪಿಗೆಯಾದ ಕಾನೂನನ್ನು ಆರಿಸಿಕೊಳ್ಳಬಹುದು. ಆದರೆ ಆ ಆಯ್ಕೆ ಇಲ್ಲದಿದ್ದರೆ ಅನ್ವಯವಾಗುತ್ತಿದ್ದ ಕಾನೂನಿನ ಕಡ್ಡಾಯ ರಕ್ಷಣೆಯನ್ನು ನೌಕರನಿಂದ ಕಿತ್ತುಕೊಳ್ಳುವಂತಿಲ್ಲ. ಸಾಮಾನ್ಯವಾಗಿ ಅದು, ಆತ ವಾಡಿಕೆಯಾಗಿ ದುಡಿಯುವ ದೇಶದ ಕಾನೂನು. ಸ್ವಲ್ಪ ಕಾಲ ಬೇರೆ ದೇಶಕ್ಕೆ ಕಳುಹಿಸಿದ ಮಾತ್ರಕ್ಕೆ ಈ ದೇಶ ಬದಲಾಗುವುದಿಲ್ಲ. ಕರಾರು ಬರೆಯುವವನು ಮಾಲೀಕ, ಸಹಿ ಹಾಕುವವನು ಕೆಲಸ ಬೇಕಾದವನು. ಆದ್ದರಿಂದಲೇ ಈ ಎಚ್ಚರಿಕೆ.

ಗಡಿಯಿಂದ ಗಡಿಗೆ ಓಡಾಡುವವನ ದುಡಿಮೆಯ ದೇಶ ಯಾವುದು? 2011ರ ಮಾರ್ಚ್ 15ರಂದು ಯುರೋಪಿನ ಒಕ್ಕೂಟದ ನ್ಯಾಯಾಲಯ ಈ ಪ್ರಶ್ನೆಗೆ ಉತ್ತರಿಸಿತು. ಆತ ಎಲ್ಲಿಂದ ಹೊರಡುತ್ತಾನೆ, ಆದೇಶ ಎಲ್ಲಿ ಪಡೆಯುತ್ತಾನೆ, ಲಾರಿ ಎಲ್ಲಿರುತ್ತದೆ, ಸರಕು ಎಲ್ಲಿ ಇಳಿಯುತ್ತದೆ, ಕೆಲಸ ಮುಗಿಸಿ ಎಲ್ಲಿಗೆ ಮರಳುತ್ತಾನೆ ಎಂಬುದನ್ನೆಲ್ಲ ಒಟ್ಟಾಗಿ ತೂಗಿ, ದುಡಿಮೆಯ ಹೆಚ್ಚಿನ ಭಾಗ ಎಲ್ಲಿ ಅಥವಾ ಎಲ್ಲಿಂದ ನಡೆಯುತ್ತದೆ ಎಂದು ಕಂಡುಕೊಳ್ಳಬೇಕು ಎಂದಿತು. ಈ ಅಳತೆಗೋಲಿನಿಂದ ಮೊಕದ್ದಮೆಯ ಸಂಗತಿಗಳನ್ನು ಅಳೆಯುವ ಕೆಲಸ ಲಕ್ಸೆಂಬರ್ಗಿನ ನ್ಯಾಯಾಲಯಕ್ಕೆ ಉಳಿಯಿತು.

ನಮ್ಮ ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರು ಅನೇಕರು. ಸಂಯುಕ್ತ ಅರಬ್ ಸಂಸ್ಥಾನದ ಖಾಸಗಿ ಕಂಪನಿಯಲ್ಲಿ ದುಡಿಯುವವರು ಮಂಗಳೂರಿನಲ್ಲೇ ಸಹಿ ಹಾಕಿದ್ದರೂ, ಅವರ ಕನಿಷ್ಠ ಹಕ್ಕುಗಳನ್ನು ಹೇಳುವುದು ಆ ದೇಶದ 2021ರ ಕಾರ್ಮಿಕ ಕಾನೂನು. ಮನೆಗೆಲಸದವರಿಗೆ ಅಲ್ಲಿ ಪ್ರತ್ಯೇಕ ಕಾನೂನಿದೆ.

ಹೊರದೇಶದ ಕೆಲಸಕ್ಕೆ ಹೊರಡುವವರು ನಿಮ್ಮ ಮನೆಯಲ್ಲಿದ್ದರೆ, ಸಂಬಳದ ಅಂಕಿಯ ಜೊತೆಗೆ ಇದನ್ನೂ ಕೇಳಲು ಹೇಳಿ: ದುಡಿಮೆ ಯಾವ ದೇಶದಲ್ಲಿ? ಕರಾರಿನಲ್ಲಿ ಬರೆದಿರುವ ಕಾನೂನು ಯಾವುದು? ವ್ಯಾಜ್ಯ ಬಂದರೆ ತೀರ್ಮಾನ ಎಲ್ಲಿ?